ಕಾನು, ಗೋಮಾಳ, ಸೊಪ್ಪಿನಬೆಟ್ಟ: ಶರಾವತಿ ಸೀಮೆಯಲ್ಲಿ ಸರ್ಕಾರಿ ಭೂಮಿಯ ಬಳಕೆ ನಿರ್ಧಾರವಾದ ಬಗೆ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಯೊಂದರ ಭೂವಿನ್ಯಾಸ ಬಹುಮಟ್ಟಿಗೆ ಒಂದೇ ತೆರನಾದುದು. ಕಣಿವೆಯ ತಗ್ಗಿನಲ್ಲಿ ಗದ್ದೆ ಮತ್ತು ಅಡಿಕೆ ತೋಟ, ತೋಟದ ಮೇಲ್ಭಾಗದಲ್ಲಿ ಸೊಪ್ಪಿನಬೆಟ್ಟ, ಅದರಾಚೆ ಕಾನು ಅಥವಾ ಹುಲ್ಲು ಬೆಳೆಯುವ ಬ್ಯಾಣ, ಊರಂಚಿನಲ್ಲಿ ಗೋಮಾಳ. ಗದ್ದೆ, ತೋಟಗಳು ಹಿಡುವಳಿದಾರರ ಹೆಸರಿನಲ್ಲಿವೆ; ಉಳಿದ ಬಹುಭಾಗ ಪಹಣಿಯಲ್ಲಿ ಸರ್ಕಾರದ್ದು. ಆದರೆ ಆ ಉಳಿದ ಭಾಗವಿಲ್ಲದೆ ಹಿಡುವಳಿ ನಡೆಯುವುದಿಲ್ಲ. ತೋಟಕ್ಕೆ ಬೇಕಾದ ಹಸಿಸೊಪ್ಪು ಮತ್ತು ದರಕು, ಕೊಟ್ಟಿಗೆಗೆ ಬೇಕಾದ ಹುಲ್ಲು, ಮನೆಗೆ ಬೇಕಾದ ಸೌದೆ, ಉಪ್ಪಾಗೆ, ಮುರುಗಲು, ಸೀಗೆ, ಜೇನು ಎಲ್ಲವೂ ಅಲ್ಲಿಂದಲೇ ಬರುತ್ತವೆ. ಈ ಭೂಮಿಯನ್ನು ಯಾವುದಕ್ಕೆ ಬಳಸಬೇಕೆಂಬ ತೀರ್ಮಾನ ಮಾತ್ರ ಸುಮಾರು ಒಂದೂವರೆ ಶತಮಾನದಿಂದ ಹಳ್ಳಿಯ ಹೊರಗೆ, ರಾಜಧಾನಿಯಲ್ಲೋ ಕಾರ್ಖಾನೆಯ ಪಟ್ಟಣದಲ್ಲೋ ಆಗುತ್ತ ಬಂದಿದೆ. ಹಳ್ಳಿಯ ಬಳಕೆ ಎಲ್ಲಿ ದಾಖಲೆಯಲ್ಲಿ ಉಳಿಯಿತೋ ಅಲ್ಲಿ ಭೂಮಿಯೂ ಸ್ವಲ್ಪಮಟ್ಟಿಗೆ ಉಳಿಯಿತು. ದಾಖಲೆಯಲ್ಲಿ ‘ಖಾಲಿ’ ಎನಿಸಿದ್ದು ಬೇಗ ಕೈತಪ್ಪಿತು.

ಕಾನಿನಿಂದ ಅರಣ್ಯ ಇಲಾಖೆಯವರೆಗೆ

ಕೆಳದಿ ಅರಸರಲ್ಲಿ ಶಿವಪ್ಪನಾಯಕನ ‘ಶಿಸ್ತು’ ಈ ಸೀಮೆಯ ಕಂದಾಯ ವ್ಯವಸ್ಥೆಗೆ ಅಡಿಪಾಯ ಹಾಕಿತು. ನೆಲದ ಗುಣ ಮತ್ತು ಫಲವನ್ನು ನೋಡಿ ತೆರಿಗೆ ಗೊತ್ತುಮಾಡುವುದು ಅದರ ತಿರುಳು. ಕಾನುಗಳೂ ಈ ಸೀಮೆಯ ಆದಾಯದ ಮೂಲಗಳಾಗಿದ್ದವು. ಮಳೆಗಾಡಿನ ಈ ತುಣುಕುಗಳಲ್ಲಿ ಕಾಳುಮೆಣಸಿನ ಬಳ್ಳಿಗಳನ್ನು ಹಬ್ಬಿಸಿ, ಬೈನೆ ಮರದಿಂದ ಕಳ್ಳು ಇಳಿಸಿ, ಅದಕ್ಕೆ ಪ್ರತಿಯಾಗಿ ಕಂದಾಯ ಕಟ್ಟುವ ಪದ್ಧತಿಯಿತ್ತು. ಹಾಗಾಗಿ ಕಾನು ಒಡೆತನದಲ್ಲಿ ಸರ್ಕಾರದ್ದಾದರೂ ಬಳಕೆಯಲ್ಲಿ ಊರಿನದು.

1830-31ರ ನಗರ ದಂಗೆಯ ನಂತರ ಮೈಸೂರಿನ ಆಡಳಿತವನ್ನು ಬ್ರಿಟಿಷ್ ಕಮಿಷನರುಗಳು ವಹಿಸಿಕೊಂಡರು. 1864ರಲ್ಲಿ ಮೈಸೂರಿನ ಅರಣ್ಯ ಇಲಾಖೆ ಆರಂಭವಾಯಿತು. ಆಗ ಎದ್ದ ಪ್ರಶ್ನೆ: ಕಾನು ಕಂದಾಯ ಇಲಾಖೆಯದೋ, ಅರಣ್ಯ ಇಲಾಖೆಯದೋ? ಸಾಗರಕ್ಕೆ ಅಂಟಿಕೊಂಡಿರುವ ಸೊರಬ ತಾಲ್ಲೂಕಿನ ಕಾನುಗಳ ಗಡಿ ಗುರುತಿಸುವಿಕೆ ಮತ್ತು ನಿರ್ವಹಣೆಯ ಬಗ್ಗೆ ಬ್ರಿಟಿಷ್ ಆಡಳಿತದ ಅರಣ್ಯಾಧಿಕಾರಿ ಡೀಟ್ರಿಚ್ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ಒಂದು ಟಿಪ್ಪಣಿಯನ್ನೇ ಸಿದ್ಧಪಡಿಸಿದರು. ಮುಂದೆ 1888ರ ಮೈಸೂರು ಭೂಕಂದಾಯ ಸಂಹಿತೆ ಮತ್ತು 1900ರ ಅರಣ್ಯ ಕಾಯಿದೆಗಳು ಎರಡು ಇಲಾಖೆಗಳ ಅಧಿಕಾರಕ್ಕೆ ಕಾನೂನಿನ ರೂಪ ಕೊಟ್ಟವು. ಆದರೂ ಒಂದೇ ಸರ್ವೆ ನಂಬರು ಕಂದಾಯದ ಕಡತದಲ್ಲಿ ಕಾನು, ಅರಣ್ಯದ ಕಡತದಲ್ಲಿ ಕಾಡು ಎಂದಿರುವ ಗೊಂದಲ ಇಂದಿಗೂ ಬಗೆಹರಿದಿಲ್ಲ.

ಕಾಯಿದೆ ಉಳಿಸಿಕೊಂಡ ಹಕ್ಕುಗಳು

ರಾಜ್ಯದ ಏಕೀಕರಣದ ನಂತರ ಬೇರೆಬೇರೆ ಪ್ರಾಂತಗಳ ಪದ್ಧತಿಗಳನ್ನು ಒಂದೇ ಚೌಕಟ್ಟಿಗೆ ತಂದದ್ದು 1964ರ ಕರ್ನಾಟಕ ಭೂಕಂದಾಯ ಕಾಯಿದೆ. ಅದರ 79ನೇ ಕಲಮು ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿ, ಕೊಡಗಿನ ಬಾಣೆ, ಹಳೆಯ ಮೈಸೂರಿನ ಕಾನು ಮತ್ತು ಸೊಪ್ಪಿನಬೆಟ್ಟಗಳಲ್ಲಿ ರೂಢಿಯಿಂದಲೋ ಆದೇಶದಿಂದಲೋ ಬಂದ ಸವಲತ್ತುಗಳು ಮುಂದುವರಿಯಬೇಕೆಂದು ಹೇಳುತ್ತದೆ. ಇದು ಒಡೆತನವಲ್ಲ, ಬಳಕೆಯ ಹಕ್ಕು. 71ನೇ ಕಲಮು ಸರ್ಕಾರಿ ಜಮೀನನ್ನು ದನಗಳ ಮೇವು, ಸೌದೆ ಮುಂತಾದ ಸಾರ್ವಜನಿಕ ಉದ್ದೇಶಗಳಿಗೆ ಕಾದಿರಿಸಲು ಅವಕಾಶ ನೀಡುತ್ತದೆ. 1966ರ ನಿಯಮಗಳ ಪ್ರಕಾರ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಗೋಮಾಳ ಇರಬೇಕು.

ಈ ಲೆಕ್ಕದಲ್ಲಿಯೇ ಒಂದು ದೌರ್ಬಲ್ಯವೂ ಅಡಗಿದೆ. ಜಾನುವಾರುಗಳ ಸಂಖ್ಯೆ ಇಳಿದರೆ ಗೋಮಾಳ ‘ಹೆಚ್ಚುವರಿ’ ಆಗುತ್ತದೆ. ಹೆಚ್ಚುವರಿಯಾದದ್ದನ್ನು ಬೇರೆ ಉದ್ದೇಶಕ್ಕೆ ಕೊಡಬಹುದು. ಅದೇ ನೆಲ ಮಳೆನೀರನ್ನು ಇಂಗಿಸಿ ಕೆಳಗಿನ ಕೆರೆ, ತೋಟಗಳಿಗೆ ನೀರುಣಿಸುವುದು ಈ ಲೆಕ್ಕಕ್ಕೆ ಸಿಗುವುದಿಲ್ಲ.

ಬೆಳಕಿಗಾಗಿ ಮುಳುಗಿದ ನೆಲ

ದೂರದ ಪಟ್ಟಣಗಳ ಅಗತ್ಯ ಈ ಸೀಮೆಯ ಭೂಮಿಯನ್ನು ಅತಿ ದೊಡ್ಡ ಪ್ರಮಾಣದಲ್ಲಿ ಮಾರ್ಪಡಿಸಿದ್ದು ಜಲವಿದ್ಯುತ್ತಿನ ಮೂಲಕ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯ ನೀರಿನಿಂದ 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆ ಹಿರೇಭಾಸ್ಕರವನ್ನೂ ಮುಳುಗಿಸಿ, ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಸುಮಾರು 300 ಚದರ ಕಿಲೋಮೀಟರ್ ಪ್ರದೇಶವನ್ನು ಆವರಿಸಿತು. 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ರಾಜ್ಯದ ಕೈಗಾರಿಕೆಗಳಿಗೂ ನಗರಗಳಿಗೂ ಆಸರೆಯಾಯಿತು. ಮುಂದೆ ಚಕ್ರಾ, ಸಾವೆಹಕ್ಲು ಮತ್ತು ವಾರಾಹಿಯ ಮಾಣಿ ಅಣೆಕಟ್ಟೆಗಳಿಂದ ಹೊಸನಗರ ತಾಲ್ಲೂಕಿನಲ್ಲಿ ಮತ್ತಷ್ಟು ನೆಲ ನೀರಿನಡಿ ಸೇರಿತು.

ಮುಳುಗಡೆಯ ಕುಟುಂಬಗಳಿಗೆ ಪರ್ಯಾಯವಾಗಿ ತೋರಿಸಿದ್ದು ಜಿಲ್ಲೆಯ ಇತರ ಭಾಗಗಳ ಅರಣ್ಯಭೂಮಿಯನ್ನು. ಅವರು ಅಲ್ಲಿ ಮನೆ ಕಟ್ಟಿ, ಗದ್ದೆ, ತೋಟ ಮಾಡಿದರು. ಆದರೆ ಆ ನೆಲವನ್ನು ಅರಣ್ಯದ ಪಟ್ಟಿಯಿಂದ ಬಿಡಿಸುವ ಕೆಲಸ ಕಾನೂನಿನ ಪ್ರಕಾರ ಪೂರ್ಣವಾಗಲಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕೇಂದ್ರದ ಒಪ್ಪಿಗೆ ಕಡ್ಡಾಯವಾಯಿತು. ಆ ಒಪ್ಪಿಗೆಯಿಲ್ಲದೆ ರಾಜ್ಯ ಸರ್ಕಾರ ಹೊರಡಿಸಿದ್ದ ಡಿನೋಟಿಫಿಕೇಷನ್ 2021ರಲ್ಲಿ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ರಾಜ್ಯಕ್ಕೆ ಬೆಳಕು ಕೊಡಲು ಊರು ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಅಲೆಯುವಂತಾದುದು ಈ ಇತಿಹಾಸದ ಅತ್ಯಂತ ನೋವಿನ ಅಧ್ಯಾಯ.

ಕಾಗದಕ್ಕಾಗಿ ನೆಡುತೋಪು

1980ರ ದಶಕದಲ್ಲಿ ಕಂದಾಯ ಇಲಾಖೆಯ ‘ಸಿ ಮತ್ತು ಡಿ’ ದರ್ಜೆಯ, ಅಂದರೆ ಸಾಗುವಳಿಗೆ ಯೋಗ್ಯವಲ್ಲವೆಂದು ಗುರುತಿಸಿದ, ಭೂಮಿಯತ್ತ ಪಲ್ಪ್ ಉದ್ಯಮದ ಗಮನ ಹರಿಯಿತು. 1984ರಲ್ಲಿ ರಾಜ್ಯದ ಅರಣ್ಯ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಸ್ಥಾಪಿಸಿದವು. ಶಿವಮೊಗ್ಗ, ಚಿಕ್ಕಮಗಳೂರು, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ನೀಲಗಿರಿ ಮುಂತಾದ ಗಿಡಗಳಿಗಾಗಿ ವಹಿಸುವುದು ಯೋಜನೆ. ಸಮಾಜ ಪರಿವರ್ತನ ಸಮುದಾಯವೂ ಶಿವರಾಮ ಕಾರಂತರೂ ಸುಪ್ರೀಂ ಕೋರ್ಟಿನ ಮೊರೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು: ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಸಸಿ ನೆಡುವ ಪ್ರತಿಭಟನೆ. 1991ರಲ್ಲಿ ಕಂಪನಿ ಮುಚ್ಚಿತು.

ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯ ಕಥೆ ಹೆಚ್ಚು ದೀರ್ಘ. 1980ರಲ್ಲಿ ಅದಕ್ಕೆ ಮಲೆನಾಡಿನ ಭೂಮಿ 40 ವರ್ಷಗಳ ಗುತ್ತಿಗೆಗೆ ದೊರೆಯಿತು. ಅಕೇಶಿಯಾ, ನೀಲಗಿರಿ ನೆಡುತೋಪುಗಳು ಎದ್ದವು. ಅಕೇಶಿಯಾದ ಎಲೆಯನ್ನು ದನ ಮೇಯುವುದಿಲ್ಲ. ಅದು ಬೇಗ ಕೊಳೆತು ಗೊಬ್ಬರವಾಗುವುದೂ ಇಲ್ಲ. ಸೊಪ್ಪು, ಮೇವುಗಳನ್ನೇ ನಂಬಿದ ಕೃಷಿಗೆ ಇದರಿಂದಾದ ನಷ್ಟ ಗುತ್ತಿಗೆಯ ಲೆಕ್ಕದಲ್ಲಿ ಸೇರಿರಲಿಲ್ಲ. ಗುತ್ತಿಗೆ ಮುಗಿದ 2020ರ ಹೊತ್ತಿಗೆ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳೇ ಆಗಿದ್ದವು. ಆದರೂ ಆ ವರ್ಷ ಸುಮಾರು 20,000 ಹೆಕ್ಟೇರ್ ಗುತ್ತಿಗೆಯನ್ನು ಮತ್ತೆ 40 ವರ್ಷ ವಿಸ್ತರಿಸುವ ಆದೇಶ ಹೊರಟಿತು. ‘ನಮ್ಮೂರಿಗೆ ಅಕೇಶಿಯಾ ಬೇಡ’ ಚಳವಳಿ ಈ ಆದೇಶವನ್ನು ಎದುರಿಸಿ, ನೆಲವನ್ನು ಸಹಜ ಕಾಡಾಗಿ ಬೆಳೆಯಲು ಬಿಡಬೇಕೆಂದು ಒತ್ತಾಯಿಸಿತು.

ಸಕ್ರಮ, ಡೀಮ್ಡ್ ಅರಣ್ಯ ಮತ್ತು ನಗರದ ಅಂತರ

ಸರ್ಕಾರಿ ಭೂಮಿಯ ಮೇಲೆ ಒಳಗಿನಿಂದಲೂ ಒತ್ತಡವಿತ್ತು. ಬಗರ್‌ಹುಕುಂ ಸಾಗುವಳಿಯನ್ನು ಸಕ್ರಮಗೊಳಿಸಲು 1990ರ ದಶಕದಲ್ಲಿ ನಮೂನೆ 50 ಮತ್ತು 53, 2018ರಲ್ಲಿ ನಮೂನೆ 57 ಬಂದವು. ಭೂಹೀನರಿಗೆ ಇದು ನ್ಯಾಯ. ಉಳ್ಳವರು ತೋಟ ವಿಸ್ತರಿಸಿದಲ್ಲಿ ಸಾಮೂಹಿಕ ನೆಲದ ನಷ್ಟ. ಭೂಕಂದಾಯ ಕಾಯಿದೆಯೇ ನಗರಗಳ ಸುತ್ತ ನಿಗದಿತ ದೂರದೊಳಗಿನ ಭೂಮಿಯನ್ನು ಸಕ್ರಮದಿಂದ ಹೊರಗಿಟ್ಟಿತು. ಬೆಂಗಳೂರಿಗೆ ಈ ಅಂತರ 18 ಕಿಲೋಮೀಟರ್. ನಗರದ ಮುಂದಿನ ಬೆಳವಣಿಗೆಗೆ ನೆಲ ಕಾದಿರಿಸಿದ ಕಾಯಿದೆ, ಹಳ್ಳಿಯ ಸೊಪ್ಪು, ಮೇವಿನ ಮುಂದಿನ ಅಗತ್ಯಕ್ಕೆ ಅಂಥ ಸ್ಪಷ್ಟ ಅಂತರವನ್ನು ಗೊತ್ತುಮಾಡಲಿಲ್ಲ.

ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ನೀಡಿದ ಆದೇಶದ ನಂತರ ಕಂದಾಯ ಭೂಮಿಯ ಹಲವು ಭಾಗಗಳು ‘ಡೀಮ್ಡ್’, ಅಂದರೆ ಅರಣ್ಯವೆಂದು ಪರಿಗಣಿಸಲಾದ, ಪ್ರದೇಶಗಳಾದವು. ರಾಜ್ಯದಲ್ಲಿ 9.94 ಲಕ್ಷ ಹೆಕ್ಟೇರ್ ಎಂದಿದ್ದ ಈ ಪಟ್ಟಿಯನ್ನು 2022ರಲ್ಲಿ ಸುಮಾರು 3.3 ಲಕ್ಷಕ್ಕೆ ಇಳಿಸಲಾಯಿತು. 2006ರ ಅರಣ್ಯ ಹಕ್ಕು ಕಾಯಿದೆ ತೀರ್ಮಾನದ ಮೊದಲ ಹೆಜ್ಜೆಯನ್ನು ಗ್ರಾಮಸಭೆಗೆ ಕೊಟ್ಟಿತಾದರೂ, ಬುಡಕಟ್ಟೇತರರು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. 1960ರ ದಶಕದಲ್ಲಿ ಸರ್ಕಾರವೇ ಸ್ಥಳಾಂತರಿಸಿದ ಕುಟುಂಬಗಳಿಗೆ ಇದು ದಾಟಲಾಗದ ಷರತ್ತು.

ನಿರ್ಧಾರದ ಕ್ರಮ

ಸಾಮೂಹಿಕ ಭೂಮಿಯ ಅತಿಕ್ರಮಣ ತೆರವುಗೊಳಿಸಿ ಅದನ್ನು ಗ್ರಾಮದ ಬಳಕೆಗೆ ಮರಳಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೆ ಸೂಚಿಸಿತು. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವ ಬಂದಾಗ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಇವೆರಡರ ಹಿಂದಿರುವುದು ಒಂದೇ ಪ್ರಶ್ನೆ: ಸರ್ಕಾರದ ಹೆಸರಿನಲ್ಲಿರುವ ಸಂಪತ್ತಿನ ಬಳಕೆಯನ್ನು ಯಾರು, ಯಾವ ಮಾಹಿತಿಯ ಮೇಲೆ ನಿರ್ಧರಿಸಬೇಕು?

ಮೂರು ತಾಲ್ಲೂಕುಗಳ ಅನುಭವ ಕೊಡುವ ಉತ್ತರ ಸ್ಪಷ್ಟವಾಗಿದೆ. ಮೊದಲು ಸರ್ವೆ ನಂಬರುವಾರು ಈಗಿನ ಬಳಕೆಯನ್ನು ಗ್ರಾಮಸಭೆಯ ಮುಂದೆ ದಾಖಲಿಸಬೇಕು. ಕಂದಾಯ ಮತ್ತು ಅರಣ್ಯ ಇಲಾಖೆಗಳು ಜಂಟಿ ಸರ್ವೆ ನಡೆಸಿ ಒಂದೇ ನಕ್ಷೆಗೆ ಬರಬೇಕು. ಹಿಂದಿನ ಯೋಜನೆಗಳ ಸಂತ್ರಸ್ತರ ಹಕ್ಕು ತೀರ್ಮಾನವಾಗಬೇಕು. ಹೊಸ ಗುತ್ತಿಗೆ, ಮಂಜೂರಾತಿ ಅಥವಾ ಯೋಜನೆಯ ಮಾತು ಬರಬೇಕಾದದ್ದು ಇವುಗಳ ನಂತರ. ಈ ಕ್ರಮ ತಲೆಕೆಳಗಾದಾಗಲೆಲ್ಲ ಭೂಮಿಯ ಬೆಲೆ ತೆತ್ತವರು ಅದನ್ನು ನಂಬಿ ಬದುಕಿದವರೇ.