ದಿಲ್ಲಿಯ ಸದನದಲ್ಲಿ ಕನ್ನಡದ ಮಾತು



ಉಮರ್ಗಾ, ನಿಲಂಗಾ, ಉದಗೀರ ಭಾಗದ ನಮಗೆ ವಿಧಾನಸಭೆ ಎಂದರೆ ಮುಂಬಯಿ. ಚಳಿಗಾಲದ ಅಧಿವೇಶನಕ್ಕೆ ನಾಗಪುರ. ಮನೆಯಲ್ಲಿ ಕನ್ನಡ ಆಡುವ ನಾವು ಮತ ಹಾಕಿ ಕಳಿಸುವ ಸದಸ್ಯರು ಅಲ್ಲಿ ಮರಾಠಿಯಲ್ಲಿ ಮಾತಾಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಮರಾಠಿ ನಮಗೆ ಪರಕೀಯ ಭಾಷೆಯಲ್ಲ. ಪೇಟೆಯ ಮಾತು, ಸಂತೆಯ ಮಾತು, ಎಷ್ಟೋ ಮನೆಗಳಲ್ಲಿ ಬೀಗರ ಮಾತು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಸದನದ ಭಾಷೆ ಬಲ್ಲ ಸದಸ್ಯನೊಬ್ಬ ಎದ್ದು ನಿಂತು ತನ್ನ ತಾಯ್ನುಡಿಯಲ್ಲಿಯೇ ಮಾತಾಡುತ್ತೇನೆ ಎಂದರೆ ಕಾನೂನು ಏನು ಹೇಳುತ್ತದೆ? ಈ ಪ್ರಶ್ನೆಯನ್ನು ಕನ್ನಡಿಗರ ಪರವಾಗಿ ದಿಲ್ಲಿಯಲ್ಲಿ ಎತ್ತಿದವರು ಜೆ. ಎಚ್. ಪಟೇಲರು.

ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. 1930ರಲ್ಲಿ ಹುಟ್ಟಿದರು. ಕಾನೂನು ಓದಿದರು, ಸಮಾಜವಾದಿಗಳ ಜೊತೆ ಸೇರಿದರು. 1967ರ ಚುನಾವಣೆಯಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಿಂದ ನಿಂತು ಶಿವಮೊಗ್ಗ ಕ್ಷೇತ್ರದಿಂದ ಲೋಕಸಭೆಗೆ ಆರಿಸಿಹೋದರು. ಅಲ್ಲಿ ಅವರು ಕನ್ನಡದಲ್ಲಿ ಮಾತಾಡಿದರು. ಲೋಕಸಭೆಯಲ್ಲಿ ಕನ್ನಡದಲ್ಲಿ ಭಾಷಣ ಮಾಡಿದ ಮೊದಲ ಸದಸ್ಯರೆಂದು ಅವರ ಹೆಸರು ಉಳಿದದ್ದು ಹೀಗೆ. ಆಗ ಸಭಾಧ್ಯಕ್ಷರಾಗಿದ್ದವರು ನೀಲಂ ಸಂಜೀವ ರೆಡ್ಡಿ. ಅವರು ಅನಂತಪುರ ಜಿಲ್ಲೆಯವರು. ಕರ್ನಾಟಕದ ಗಡಿಗೆ ಅಂಟಿಕೊಂಡ ಆ ಜಿಲ್ಲೆಯಲ್ಲಿ ಎರಡು ಭಾಷೆಯ ಬಾಳು ಹೊಸದಲ್ಲ. ಪಟೇಲರಿಗೆ ಅವರು ಅನುಮತಿ ಕೊಟ್ಟರು.

ಇದರಲ್ಲಿ ಏನು ಹೆಚ್ಚುಗಾರಿಕೆ ಎಂದು ನೀವು ಕೇಳಬಹುದು. ಅದು ತಿಳಿಯಬೇಕಾದರೆ ಸಂವಿಧಾನದ 120ನೇ ವಿಧಿಯನ್ನು ನೋಡಬೇಕು. ಸಂಸತ್ತಿನ ವ್ಯವಹಾರ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ನಡೆಯತಕ್ಕದ್ದು. ಈ ಎರಡರಲ್ಲಿಯೂ ತನ್ನ ಅಭಿಪ್ರಾಯವನ್ನು ಸಮರ್ಪಕವಾಗಿ ಹೇಳಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತಾಡಲು ಅಧ್ಯಕ್ಷರು ಅನುಮತಿ ಕೊಡಬಹುದು. ವಿಧಿಯ ಸಾರ ಇಷ್ಟು. ಗಮನಿಸಿ: ಇಲ್ಲಿ ಮಾತೃಭಾಷೆ ಹಕ್ಕಾಗಿ ಬಂದಿಲ್ಲ, ವಿನಾಯಿತಿಯಾಗಿ ಬಂದಿದೆ. ಕಾಲು ನೋವಿದ್ದವನಿಗೆ ಕುರ್ಚಿ ಕೊಟ್ಟ ಹಾಗೆ. ಪಟೇಲರು ಬಿ.ಎ., ಎಲ್‌ಎಲ್.ಬಿ. ಮಾಡಿದವರು. ಅವರಿಗೆ ಇಂಗ್ಲಿಷ್ ಬಾರದೆಂದು ಯಾರೂ ಹೇಳುವಂತಿರಲಿಲ್ಲ. ಬಾರದವನಿಗಾಗಿ ಇಟ್ಟಿದ್ದ ಬಾಗಿಲಿನಿಂದ ಬಲ್ಲವನೊಬ್ಬ ಒಳಗೆ ಬಂದದ್ದೇ ಈ ಪ್ರಸಂಗದ ತಿರುಳು.

ಅಂದಿನ ದಿಲ್ಲಿಯ ಹವೆಯನ್ನೂ ನೆನೆಯಬೇಕು. 1965ರ ಜನವರಿಯಲ್ಲಿ ಹಿಂದಿಯ ವಿರುದ್ಧ ಮದರಾಸಿನಲ್ಲಿ ಬೆಂಕಿ ಎದ್ದಿತ್ತು. 1967ರ ಕೊನೆಗೆ ಅಧಿಕೃತ ಭಾಷೆಗಳ ತಿದ್ದುಪಡಿ ಮಸೂದೆ ಸಂಸತ್ತಿಗೆ ಬಂತು. ಪಟೇಲರ ಪಕ್ಷದ ಹಿರಿಯರಾದ ರಾಮಮನೋಹರ ಲೋಹಿಯಾ ಇಂಗ್ಲಿಷನ್ನು ಆಡಳಿತದಿಂದ ಹೊರಗೆ ಹಾಕಬೇಕೆಂದು ಹೋರಾಡುತ್ತಿದ್ದವರು. ಅದೇ ವರ್ಷ ಅಕ್ಟೋಬರ್ 12ರಂದು ತೀರಿಕೊಂಡರು. ಈಗ ಒಬ್ಬ ಕನ್ನಡಿಗ ಸಮಾಜವಾದಿಯ ಇಕ್ಕಟ್ಟನ್ನು ಯೋಚಿಸಿ. ಇಂಗ್ಲಿಷಿನಲ್ಲಿ ಮಾತಾಡಿದರೆ ಪಕ್ಷದ ತತ್ವ ಕೆಡುತ್ತದೆ. ಹಿಂದಿಯಲ್ಲಿ ಮಾತಾಡಿದರೆ ಹಿಂದಿಯವರ ಬಾಲವೆಂದು ಊರಿನವರು ಆಡಿಕೊಳ್ಳುತ್ತಾರೆ. ಕನ್ನಡವೊಂದೇ ನೇರ ದಾರಿ. ಲೋಹಿಯಾರ ವಾದವನ್ನು ಅವರ ಉತ್ತರದ ಅನುಯಾಯಿಗಳಿಗಿಂತ ಪಟೇಲರೇ ಸರಿಯಾಗಿ ನಡೆಸಿದರು ಎಂದು ನನ್ನ ಅಭಿಪ್ರಾಯ.

ಸಂವಿಧಾನ ಸಭೆ ಸೇರಿದ ಎರಡನೆಯ ದಿನವೇ, ಅಂದರೆ 1946ರ ಡಿಸೆಂಬರ್ 10ರಂದು, ಆರ್. ವಿ. ಧುಲೇಕರ್ ಎಂಬ ಸದಸ್ಯರು ಹಿಂದುಸ್ತಾನಿಯಲ್ಲಿ ಮಾತು ಆರಂಭಿಸಿ, ಹಿಂದುಸ್ತಾನಿ ಬಾರದವರಿಗೆ ಈ ದೇಶದಲ್ಲಿರುವ ಹಕ್ಕಿಲ್ಲ ಎಂದುಬಿಟ್ಟಿದ್ದರು. ಅವರೂ ನೇರ ಮಾತಿನವರೇ. ಆದರೆ ತನ್ನ ಭಾಷೆಗೆ ಜಾಗ ಕೇಳುವ ನೇರ ಮಾತಿಗೂ ಬೇರೆಯವರ ಜಾಗ ಕಿತ್ತುಕೊಳ್ಳುವ ನೇರ ಮಾತಿಗೂ ಅಜಗಜಾಂತರವಿದೆ.

ಪಟೇಲರ ಈ ದಿಟ್ಟತನಕ್ಕೆ ಬೇರು ಮಲೆನಾಡಿನಲ್ಲಿದೆ. ಅವರಿಗಿಂತ ಹಿರಿಯರಾದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಮೈಸೂರು ವಿಧಾನಸಭೆಗೆ ಹೋಗಿ, ಗೇಣಿದಾರನ ಮಾತನ್ನು ಗೇಣಿದಾರನ ಭಾಷೆಯಲ್ಲೇ ಆಡಿದವರು. ಅದಕ್ಕೆ ಒಂದು ವರ್ಷ ಮೊದಲು, 1951ರಲ್ಲಿ, ಸಾಗರದ ಕಾಗೋಡಿನಲ್ಲಿ ರೈತರ ಸತ್ಯಾಗ್ರಹ ನಡೆದಿತ್ತು. ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆ ಜಗಳ ಎದ್ದದ್ದು ಒಂದು ಕೊಳಗದ ಮೇಲೆ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರು ಬಳಸುತ್ತಿದ್ದ ಕೊಳಗ ದೊಡ್ಡದು ಎಂಬುದು ಒಕ್ಕಲುಗಳ ದೂರು. ಕೊಳಗ, ಗೇಣಿ, ಒಕ್ಕಲು, ಒಡೆಯ: ಈ ನಾಲ್ಕು ಮಾತುಗಳನ್ನು ಇಂಗ್ಲಿಷಿಗೆ ತಿರುಗಿಸಿ ನೋಡಿ. ಪದ ಸಿಗುತ್ತದೆ, ಅಳೆಯುವಾಗ ಒಡೆಯನ ಮುಂದೆ ಬಾಯಿ ಮುಚ್ಚಿ ನಿಂತವನ ಸಂಕಟ ಸಿಗುವುದಿಲ್ಲ. ‘ಸಮರ್ಪಕವಾಗಿ ಹೇಳಲಾರದ’ ಎಂಬ ಕಾನೂನಿನ ಮಾತಿಗೆ ನಿಜವಾದ ಅರ್ಥ ಇದೇ ಇರಬೇಕು. ಭಾಷೆ ಬರುತ್ತದೆಯೇ ಎಂಬುದು ಒಂದು. ಆ ವಿಷಯವನ್ನು ಆ ಭಾಷೆಯಲ್ಲಿ ಹೇಳಲು ಬರುತ್ತದೆಯೇ ಎಂಬುದು ಇನ್ನೊಂದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರ ಸೀಮೆ ಭೂಕಂಪಕ್ಕೆ ಕುಸಿದುದನ್ನು ಕಂಡ ನಮಗೆ, ಯಾವ ದುಃಖ ಯಾವ ಮಾತಿನಲ್ಲಿ ಹೊರಬರುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಕೇಳುವವರಿಗೆ ತಿಳಿಯಬೇಕಲ್ಲ? ಇದು ನ್ಯಾಯವಾದ ಆಕ್ಷೇಪಣೆ. ಲೋಕಸಭೆಯಲ್ಲಿ ಮಾತಿನ ಜೊತೆಜೊತೆಗೇ ಅನುವಾದ ಕೇಳಿಸುವ ಏರ್ಪಾಡು 1964ರಲ್ಲಿ ಬಂತು, ಅದೂ ಹಿಂದಿ-ಇಂಗ್ಲಿಷ್‌ಗಳ ನಡುವೆ. ಕನ್ನಡಕ್ಕೆ ಆ ಅನುಕೂಲ ಬಂದದ್ದು ಆಮೇಲೆ. ಮೊದಲು ಅನುವಾದಕರು ಬರಲಿ, ಆಮೇಲೆ ಮಾತಾಡುತ್ತೇವೆ ಎಂದು ಕೂತಿದ್ದರೆ ಅನುವಾದಕರು ಎಂದೂ ಬರುತ್ತಿರಲಿಲ್ಲ.

ಈಗ ನಮ್ಮ ಸೀಮೆಗೆ ಬರೋಣ. ಹೈದರಾಬಾದ್ ರಾಜ್ಯದ ವಿಧಾನಸಭೆಯಲ್ಲಿ, 1952ರಿಂದ 1956ರವರೆಗೆ, ಉದಗೀರ, ನಿಲಂಗಾ, ಬೀದರ, ಭಾಲ್ಕಿಯವರು ಒಂದೇ ಜಿಲ್ಲೆಯ ಪ್ರತಿನಿಧಿಗಳಾಗಿ ಕೂತಿದ್ದರು. ಆ ರಾಜ್ಯವೇ ತೆಲುಗು, ಮರಾಠಿ, ಕನ್ನಡ, ಉರ್ದು ಆಡುವವರ ರಾಜ್ಯ. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಒಡೆಯಿತು. ಬೀದರ, ಭಾಲ್ಕಿ, ಹುಮನಾಬಾದ ಮೈಸೂರಿಗೆ. ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ. ಉಮರ್ಗಾ ಉಸ್ಮಾನಾಬಾದ ಜಿಲ್ಲೆಯ ಜೊತೆ ಅತ್ತ ಹೋಯಿತು. 1960ರಲ್ಲಿ ಮಹಾರಾಷ್ಟ್ರ, 1982ರಲ್ಲಿ ಲಾತೂರ ಜಿಲ್ಲೆ. ಪಟೇಲರು ದಿಲ್ಲಿಗೆ ಹೋದ 1967ರಲ್ಲೇ ಮಹಾಜನ ಆಯೋಗದ ವರದಿ ಬಂತು: 247 ಹಳ್ಳಿಗಳು ಮೈಸೂರಿಗೆ, 264 ಮಹಾರಾಷ್ಟ್ರಕ್ಕೆ. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. 2004ರಲ್ಲಿ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಆ ಗೆರೆಯ ಜಗಳದಲ್ಲಿ ಹಳ್ಳಿಗಳ ಲೆಕ್ಕ ಎಲ್ಲರಿಗೂ ಬಾಯಿಪಾಠ. ಗೆರೆಯ ಈಚೆ ಉಳಿದವನು ಯಾವ ಭಾಷೆಯಲ್ಲಿ ತನ್ನ ದೂರು ಹೇಳಬೇಕೆಂಬ ಮಾತು ಹಿಂದೆ ಬಿತ್ತು.

ರಾಜ್ಯಗಳ ವಿಧಾನಸಭೆಗೆ ಸಂಬಂಧಿಸಿದ್ದು 210ನೇ ವಿಧಿ. ಅದರ ಷರತ್ತೂ 120ರಂತೆಯೇ: ರಾಜ್ಯಭಾಷೆ, ಹಿಂದಿ, ಇಂಗ್ಲಿಷ್ ಯಾವುದರಲ್ಲಿಯೂ ಸಮರ್ಪಕವಾಗಿ ಹೇಳಲಾರದವನಿಗೆ ಮಾತ್ರ ಮಾತೃಭಾಷೆ, ಅದೂ ಅಧ್ಯಕ್ಷರ ಅನುಮತಿಯಿಂದ. ಗಡಿಯ ಕನ್ನಡಿಗನಿಗೆ ಇದರಲ್ಲೊಂದು ಗಂಟು ಇದೆ. ಅವನಿಗೆ ಮರಾಠಿ ಚೆನ್ನಾಗಿ ಬರುತ್ತದೆ. ನೆರೆಯವರ ಭಾಷೆ ಕಲಿತದ್ದೇ ಅವನಿಗೆ ಅಡ್ಡಿಯಾಗುತ್ತದೆ. ಪಟೇಲರ ಉದಾಹರಣೆ ನಮಗೆ ಬೇಕಾಗುವುದು ಇಲ್ಲಿಯೇ.

ಅವರ ಮುಂದಿನ ಜೀವನ ನಿಮಗೆ ಗೊತ್ತಿರುವುದೇ. ತುರ್ತು ಪರಿಸ್ಥಿತಿಯಲ್ಲಿ ಸೆರೆಮನೆ, 1978ರಿಂದ ಕರ್ನಾಟಕದ ವಿಧಾನಸಭೆ, 1996ರಿಂದ 1999ರವರೆಗೆ ಮುಖ್ಯಮಂತ್ರಿ ಪದವಿ. 2000ದ ಡಿಸೆಂಬರ್ 12ರಂದು ತೀರಿಕೊಂಡರು. ಅವರ ಹಾಸ್ಯದ ಮಾತುಗಳನ್ನು ಜನ ಈಗಲೂ ಹೇಳಿ ನಗುತ್ತಾರೆ. ಆ ನಗೆಯಲ್ಲಿ 1967ರ ಕೆಲಸ ಸ್ವಲ್ಪ ಮರೆಯಾಗಿದೆ. ಇಂದು ಲೋಕಸಭೆಯಲ್ಲಿ ಕನ್ನಡದ ಭಾಷಣಕ್ಕೆ ಅನುವಾದಕರಿದ್ದಾರೆ.

ಇನ್ನೊಂದು ವಿಧಿಯನ್ನು ಹೇಳಿ ಮುಗಿಸುತ್ತೇನೆ. ನಾವೆಲ್ಲ ಶಾಸಕರಾಗುವುದಿಲ್ಲ, ಅರ್ಜಿಯನ್ನಂತೂ ಬರೆಯುತ್ತೇವೆ. ಕುಂದುಕೊರತೆಯ ಪರಿಹಾರಕ್ಕಾಗಿ ಯಾವುದೇ ಅಧಿಕಾರಿಗೆ ಕೊಡುವ ಮನವಿಯನ್ನು, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಬರೆಯಲು ಪ್ರತಿಯೊಬ್ಬನಿಗೂ ಹಕ್ಕಿದೆ ಎನ್ನುತ್ತದೆ 350ನೇ ವಿಧಿ. ನಿಲಂಗಾದ ತಹಶೀಲ್ದಾರರಿಗೆ ಬರೆಯುವ ಅರ್ಜಿಗೂ ಅದು ಸಲ್ಲುತ್ತದೆ. ಬೇರೆ ಭಾಷೆ ಬಾರದಿದ್ದರೆ ಮಾತ್ರ ಎಂಬ ಷರತ್ತು ಆ ವಿಧಿಯಲ್ಲಿ ಇಲ್ಲ.