ದೇಶೀ ಚದುರಂಗದ ನಿಧಾನ: ಗುಣದೋಷ ವಿಚಾರ

ಕಾಗವಾಡ, ಶೇಡಬಾಳ, ಉಗಾರ, ಅಥಣಿ ಮೊದಲಾದ ಊರುಗಳು ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದವು. ಕನ್ನಡ ಮರಾಠಿಗಳೆರಡೂ ಸಮನಾಗಿ ಕಿವಿಗೆ ಬೀಳುವ ಈ ಗಡಿಸೀಮೆಯಲ್ಲಿ ಒಂದೇ ಆಟಕ್ಕೆ ಚದುರಂಗವೆಂದೂ ಬುದ್ಧಿಬಲವೆಂದೂ ಎರಡು ಹೆಸರುಗಳುಂಟು. ಕಾಗವಾಡಕ್ಕೆ ದೂರವಲ್ಲದ ಸಾಂಗಲಿಯಲ್ಲಿ ೧೯೪೧ರಷ್ಟು ಹಿಂದೆಯೇ ನೂತನ ಬುದ್ಧಿಬಲ ಮಂಡಳವು ಸ್ಥಾಪಿತವಾಗಿತ್ತು. ಆದರೆ ಇಂದು ಶಾಲೆ ಕಾಲೇಜುಗಳಲ್ಲಿ ಆಡುವುದು ಅಂತರರಾಷ್ಟ್ರೀಯ ನಿಯಮದ ಆಟ. ಅದಕ್ಕೆ ಮುಂಚೆ ನಮ್ಮ ಹಿರಿಯರು ಆಡುತ್ತಿದ್ದ ದೇಶೀ ಪದ್ಧತಿಯು ಅತಿ ನಿಧಾನವಾದುದರಿಂದಲೇ ಹಿಂದೆ ಬಿದ್ದಿತೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ಮಾತು ಅರ್ಧ ಮಾತ್ರ ನಿಜವೆಂದು ನನ್ನ ಅಭಿಪ್ರಾಯ.

ಆಟದ ಪ್ರಾಚೀನತೆಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಪಗಡೆಯೇ ಮೊದಲಾದ ಆಟಗಳೊಡನೆ ಚದುರಂಗವನ್ನೂ ವರ್ಣಿಸಿದ್ದಾನೆ. ಅವನಿಗಿಂತ ಸುಮಾರು ಒಂದು ಶತಮಾನ ಮೊದಲು ಅಲ್‌ಬೀರೂನಿಯು ಈ ದೇಶದಲ್ಲಿ ನಾಲ್ವರು ಕೂಡಿ ದಾಳ ಹಾಕಿ ಆಡುವ ಚದುರಂಗವನ್ನು ಕಂಡು ಬರೆದಿಟ್ಟಿದ್ದನು. ಅದರಲ್ಲಿ ಯಾವ ಕಾಯಿ ನಡೆಯಬೇಕೆಂಬುದನ್ನು ದಾಳವೇ ನಿರ್ಣಯಿಸುತ್ತಿತ್ತು. ಇಬ್ಬರಾಡುವ ಆಟದಲ್ಲಿ ದಾಳವಿಲ್ಲ. ಸೋಲಿನ ಹೊಣೆಯನ್ನು ಹೊರಿಸಲು ದೈವವೂ ಇಲ್ಲ. ಪಾಳಿ ಬಂದವನು ಯೋಚಿಸಿ ನಡೆಯಬೇಕು; ಎದುರಾಳಿಯು ಅಲ್ಲಿಯವರೆಗೆ ಕಾಯಬೇಕು.

ಇನ್ನು ದೇಶೀ ನಿಯಮಗಳ ವಿಷಯ. ಇವು ಪ್ರಾಂತದಿಂದ ಪ್ರಾಂತಕ್ಕೆ ಭಿನ್ನವಾಗಿದ್ದರೂ ಕೆಲವು ಲಕ್ಷಣಗಳು ವ್ಯಾಪಕವಾಗಿದ್ದವು. ಕಾಲಾಳು, ಎಂದರೆ ಪ್ಯಾದೆ, ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದೆ ಹೋಗಬೇಕು. ಪಾಶ್ಚಾತ್ಯ ಆಟದಂತೆ ಎರಡು ಮನೆ ದಾಟುವಂತಿಲ್ಲ. ರಾಜನಿಗೆ ಕೋಟೆ ಕಟ್ಟಿಕೊಳ್ಳುವ ಸೌಕರ್ಯವಿಲ್ಲ. ಅದಕ್ಕೆ ಬದಲಾಗಿ, ಇನ್ನೂ ಶಹ ಬೀಳದಿರುವಾಗ ಒಮ್ಮೆ ಮಾತ್ರ ಅವನು ಕುದುರೆಯಂತೆ ಜಿಗಿಯಬಹುದು. ಕೊನೆಯ ಸಾಲನ್ನು ಮುಟ್ಟಿದ ಪ್ಯಾದೆಯು ಇಚ್ಛೆ ಬಂದಂತೆ ವಜೀರನಾಗದು. ಆನೆಯ ಸಾಲಿನದು ಆನೆಯಾಗುತ್ತದೆ, ಕುದುರೆಯ ಸಾಲಿನದು ಕುದುರೆಯಾಗುತ್ತದೆ. ಎದುರಾಳಿಯ ಕಾಯಿಗಳನ್ನೆಲ್ಲ ಕೊಂದು ರಾಜನನ್ನು ಒಂಟಿಯಾಗಿ ಉಳಿಸಿದರೆ ಅದು ಪೂರ್ಣ ವಿಜಯವೆನಿಸದು. ಪ್ಯಾದೆಯಿಂದ ಮಾತ್ ಮಾಡುವುದೇ ಅತ್ಯಂತ ಪ್ರಶಸ್ತವೆಂಬ ಅಭಿರುಚಿಯೂ ಇದ್ದಿತು.

ಒಂದೊಂದೇ ಮನೆ ನಡೆಯುವ ಪ್ಯಾದೆಗಳಿಂದ ಎರಡು ಸೈನ್ಯಗಳು ಸಂಧಿಸುವುದಕ್ಕೆ ಬಹಳ ಹೊತ್ತು ಹಿಡಿಯುವುದು ಸಹಜ. ಆಡುವವರಿಗೆ ಇದು ತಿಳಿಯದಿರಲಿಲ್ಲ. ಆರಂಭದಲ್ಲಿ ಪಾಳಿಯ ಕಟ್ಟನ್ನು ಸಡಿಲಿಸಿ, ಹಾಸಿನ ನಡುಗೆರೆಯನ್ನು ದಾಟದಂತೆ ಒಬ್ಬೊಬ್ಬರು ನಾಲ್ಕು ಅಥವಾ ಎಂಟು ನಡೆಗಳನ್ನು ಒಮ್ಮೆಗೇ ನಡೆಸಿ, ಅನಂತರ ಸರದಿಯ ಪ್ರಕಾರ ಆಡುವ ರೂಢಿಯನ್ನು ೧೯೧೩ರಲ್ಲಿ ಪ್ರಕಟವಾದ ತನ್ನ ಚದುರಂಗದ ಬೃಹದ್ ಇತಿಹಾಸದಲ್ಲಿ ಮರ್ರೇ ಎಂಬ ಇಂಗ್ಲಿಷ್ ವಿದ್ವಾಂಸನು ಹೇಳಿದ್ದಾನೆ. ಈ ಒಂದು ರೂಢಿಯಿಂದಲೇ ನಮ್ಮ ಜನರ ವಿವೇಕ ವಿದಿತವಾಗುತ್ತದೆ. ಯೋಚನೆಗೆ ಎಡೆಕೊಡುವ ನಿಧಾನ ಒಂದು. ಯೋಚಿಸಲು ಏನೂ ಇಲ್ಲದಿರುವ ನಿಧಾನ ಮತ್ತೊಂದು. ಅವರು ಎರಡನೆಯದನ್ನು ಕತ್ತರಿಸಿ ಮೊದಲನೆಯದನ್ನು ಉಳಿಸಿಕೊಂಡರು.

ಈ ಭೇದವು ಅಂದಿನ ಆಟಕ್ಕೆ ಮಾತ್ರ ಸಂಬಂಧಿಸಿದುದಲ್ಲ. ೧೯೮೬ರಲ್ಲಿ ಜಪಾನಿನಲ್ಲಿ ಹೊರಬಂದ ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ವಿಡಿಯೋ ಗೇಮಿನ ಹೆಸರನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಬಲ್ಲರು. ಆಡುವವನು ಒಬ್ಬ ವೀರನ ಪಾತ್ರವನ್ನು ವಹಿಸುತ್ತಾನೆ. ಶತ್ರು ಎದುರಾದಾಗ ಹೊಡೆಯುವುದೋ, ಮಂತ್ರ ಪ್ರಯೋಗಿಸುವುದೋ, ಓಡಿಹೋಗುವುದೋ ಎಂಬುದನ್ನು ಪಟ್ಟಿಯಿಂದ ಆರಿಸಬೇಕು. ಆರಿಸುವವರೆಗೆ ಶತ್ರುವು ಸುಮ್ಮನೆ ಕಾದಿರುತ್ತಾನೆ. ಕೈಚುರುಕಿಲ್ಲದವನೂ ವಿಚಾರ ಮಾಡಿ ಗೆಲ್ಲಬಹುದೆಂಬುದು ಇದರ ದೊಡ್ಡ ಗುಣ. ಬಲವನ್ನು ಹೆಚ್ಚಿಸಿಕೊಳ್ಳಲು ಅವೇ ಕ್ಷುದ್ರ ಶತ್ರುಗಳೊಡನೆ ಮತ್ತೆ ಮತ್ತೆ ಹೋರಾಡಬೇಕಾದುದು ಇದರ ದೋಷ. ಅಲ್ಲಿ ಯೋಚಿಸುವುದಕ್ಕೆ ಏನೂ ಉಳಿದಿರುವುದಿಲ್ಲ. ೧೯೯೧ರಲ್ಲಿ ಬಂದ ‘ಫೈನಲ್ ಫ್ಯಾಂಟಸಿ’ ಮಾಲೆಯ ನಾಲ್ಕನೆಯ ಆಟದಲ್ಲಿ ಇದಕ್ಕೊಂದು ಪರಿಹಾರ ಹುಡುಕಿ, ಕಾದಾಟದಲ್ಲಿ ಕಾಲವು ತಾನಾಗಿ ಓಡುವಂತೆಯೂ ತಡಮಾಡಿದವನಿಗೆ ಪೆಟ್ಟು ಬೀಳುವಂತೆಯೂ ಏರ್ಪಡಿಸಿದರು. ಆಟವೇನೋ ಚುರುಕಾಯಿತು. ಆದರೆ ಕತ್ತರಿಸಿದುದು ಯಾವ ನಿಧಾನವನ್ನು? ನಮ್ಮ ಚದುರಂಗಿಗರ ಉಪಾಯವೇ ಹೆಚ್ಚು ಸೂಕ್ಷ್ಮವೆಂದು ನನಗೆ ತೋರುತ್ತದೆ.

ದೇಶೀ ನಿಧಾನವು ಬರಿಯ ಜಡತೆಯಲ್ಲವೆಂಬುದಕ್ಕೆ ಆಧಾರವುಂಟು. ೧೮೫೦ರ ದಶಕದಲ್ಲಿ ಕಲಕತ್ತೆಯಲ್ಲಿ ಜಾನ್ ಕಾಕ್ರೇನ್ ಎಂಬ ಸ್ಕಾಟಿಷ್ ಆಟಗಾರನೊಡನೆ ಮಹೇಶಚಂದ್ರ ಬ್ಯಾನರ್ಜಿ ಎಂಬಾತನು ನೂರಾರು ಆಟಗಳನ್ನಾಡಿದನು. ಪಾಶ್ಚಾತ್ಯ ನಿಯಮಗಳಲ್ಲಿ ಆಡುವಾಗಲೂ ಆತನು ಹಳೆಯ ಅಭ್ಯಾಸದಂತೆ ಪ್ಯಾದೆಗಳನ್ನು ಒಂದೊಂದೇ ಮನೆ ಮುಂದೂಡಿ, ಒಂಟೆಯನ್ನು ಮೂಲೆಗೆರೆಯಲ್ಲಿ ನಿಲ್ಲಿಸಿ, ನಡುಹಾಸನ್ನು ಎದುರಾಳಿಗೆ ಬಿಟ್ಟುಕೊಟ್ಟು ಅನಂತರ ಅದನ್ನು ಮುರಿಯಲು ಯತ್ನಿಸುತ್ತಿದ್ದನು. ಆ ಕಾಲದ ಯುರೋಪಿಗೆ ವಿಚಿತ್ರವೆನಿಸಿದ ಈ ಕ್ರಮವು ಇಪ್ಪತ್ತನೆಯ ಶತಮಾನದಲ್ಲಿ ‘ಇಂಡಿಯನ್ ಡಿಫೆನ್ಸ್’ ಎಂಬ ಹೆಸರಿನಿಂದ ಜಗತ್ತಿನ ಶ್ರೇಷ್ಠ ಆಟಗಾರರ ಶಸ್ತ್ರವಾಯಿತು.

ಹೀಗಿದ್ದರೂ ದೋಷಗಳನ್ನು ಮರೆಮಾಚಲಾಗದು. ಬಲಿಷ್ಠನಾದವನು ಎಲ್ಲವನ್ನೂ ಗೆದ್ದೂ, ಎದುರಾಳಿಗೆ ಕಾಯಿ ಉಳಿದಿಲ್ಲವೆಂಬ ಕಾರಣದಿಂದ ವಿಜಯದ ಅರ್ಧವನ್ನು ಕಳೆದುಕೊಳ್ಳುವುದು ಎಂತಹ ನ್ಯಾಯವೋ ತಿಳಿಯದು. (ಮಾತ್ ಮಾಡುವ ಕೌಶಲವನ್ನು ಅದು ಬೆಳೆಸಿತೆಂದು ವಾದಿಸಬಹುದು; ಆ ವಾದದಲ್ಲಿ ಸ್ವಲ್ಪ ಸತ್ಯವೂ ಇದೆ.) ಇದಕ್ಕಿಂತ ದೊಡ್ಡ ಕೊರತೆಗಳು ಎರಡು: ನಿಯಮದಲ್ಲಿ ಏಕರೂಪತೆಯಿಲ್ಲ, ಆಡಿದುದನ್ನು ಬರೆದಿಡುವ ರೂಢಿಯಿಲ್ಲ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ೧೮೩೧ರಲ್ಲಿ ಆಡಳಿತಾಧಿಕಾರವನ್ನು ಕಳೆದುಕೊಂಡ ಮೇಲೆ ಆಟಗಳ ಶೋಧನೆಯಲ್ಲಿ ಬಹುವಾಗಿ ತೊಡಗಿ, ಕುದುರೆಯು ಅರವತ್ತನಾಲ್ಕು ಮನೆಗಳನ್ನೂ ಒಂದೊಂದು ಸಲ ಮೆಟ್ಟಿಬರುವ ಬಂಧಗಳನ್ನು ರಚಿಸಿದರು. ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ ಭಾಗವು ಆಟಗಳಿಗೇ ಮೀಸಲು. ಅರಮನೆಯ ಆಟಕ್ಕೆ ಹೀಗೆ ಗ್ರಂಥ ದೊರೆಯಿತು. ಊರ ಕಟ್ಟೆಯ ಮೇಲಿನ ಆಟವಾದರೋ ಕಾಯಿಗಳನ್ನು ಚೀಲಕ್ಕೆ ತುಂಬಿದೊಡನೆ ಅಳಿದುಹೋಗುತ್ತಿತ್ತು.

ಗುಣದೋಷಗಳೆರಡೂ ಒಬ್ಬನಲ್ಲಿಯೇ ಕಂಡ ನಿದರ್ಶನವೆಂದರೆ ಪಂಜಾಬಿನ ಮೀರ್ ಸುಲ್ತಾನ್ ಖಾನ್. ದೇಶೀ ಆಟದಲ್ಲಿ ಬೆಳೆದ ಈತನು ಇಂಗ್ಲೆಂಡಿಗೆ ಹೋದ ೧೯೨೯ರಲ್ಲಿಯೇ ಬ್ರಿಟಿಷ್ ಚಾಂಪಿಯನ್ ಆದನು. ೧೯೩೨ ಮತ್ತು ೧೯೩೩ರಲ್ಲಿ ಪುನಃ ಗೆದ್ದನು. ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಕಾಪಾಬ್ಲಾಂಕನಂಥವನನ್ನೇ ಸೋಲಿಸಿದನು. ಆರಂಭದ ನಡೆಗಳ ಪುಸ್ತಕಜ್ಞಾನವಿಲ್ಲದೆ ಮೊದಲಲ್ಲಿ ಕಷ್ಟಕ್ಕೆ ಸಿಕ್ಕುತ್ತಿದ್ದನಾದರೂ ತಾಳ್ಮೆಯಿಂದ ಕಾದು ಆಟದ ಉತ್ತರಾರ್ಧದಲ್ಲಿ ಮೇಲುಗೈ ಸಾಧಿಸುತ್ತಿದ್ದನು. ತಾಳ್ಮೆಯನ್ನು ಕಲಿಸಿದುದು ದೇಶೀ ಆಟ. ಪುಸ್ತಕವಿಲ್ಲದಂತೆ ಮಾಡಿದುದೂ ಅದೇ.

೧೯೫೧ರಲ್ಲಿ ಅಖಿಲ ಭಾರತ ಚದುರಂಗ ಒಕ್ಕೂಟವು ಸ್ಥಾಪಿತವಾಗಿ, ೧೯೫೫ರಲ್ಲಿ ಏಲೂರಿನಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆಯಿತು. ಬೇರೆ ಬೇರೆ ಪ್ರಾಂತದವರು ಒಂದೇ ಹಾಸಿಗೆ ಕುಳಿತಾಗ ಲಿಖಿತವಾದ, ಸರ್ವಸಮ್ಮತವಾದ ನಿಯಮವೇ ಉಳಿಯಬೇಕಾಯಿತು. ದೇಶೀ ಚದುರಂಗವು ನಿಧಾನದಿಂದ ಸೋತುದಕ್ಕಿಂತ ಈ ಕಾರಣದಿಂದ ಸೋತಿತೆನ್ನುವುದು ಹೆಚ್ಚು ಸರಿ. ಅದನ್ನು ಬಾಲ್ಯದಲ್ಲಿ ಆಡಿದವರು ಈಗ ಎಂಬತ್ತರ ಆಚೆಯವರು. ಕಾಗವಾಡ, ಅಥಣಿ ಸೀಮೆಯ ವಿದ್ಯಾರ್ಥಿಗಳು ಅಂಥ ಹಿರಿಯರನ್ನು ಕಂಡರೆ ಕೇಳಿ ಬರೆದುಕೊಳ್ಳಬೇಕಾದುವು ಇವು: ಆರಂಭದಲ್ಲಿ ಎಷ್ಟು ನಡೆಗಳನ್ನು ಒಮ್ಮೆಗೇ ನಡೆಸುತ್ತಿದ್ದರು, ರಾಜನ ಜಿಗಿತದಿಂದ ಎದುರಾಳಿಯ ಕಾಯಿಯನ್ನು ಕೊಲ್ಲಬಹುದಾಗಿತ್ತೇ, ರಾಜನ ಸಾಲಿನ ಪ್ಯಾದೆಯು ಕೊನೆಯ ಮನೆ ಮುಟ್ಟಿದರೆ ಏನಾಗುತ್ತಿತ್ತು, ಒಂಟಿ ರಾಜನ ಆಟವನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರು.