ಪಾಸ್‌ಪೋರ್ಟ್ ಎಂಬ ಅಮಾನತ್: ಕಳೆದಾಗ ನೆನಪಾಗುವ ಇತಿಹಾಸ



ಕೆಲವು ವರ್ಷಗಳ ಹಿಂದಿನ ಮಾತು. ಜುಮಾ ನಮಾಝ್ ಮುಗಿದ ಮೇಲೆ ರಾಯಬಾಗ ತಾಲ್ಲೂಕಿನ ಹಿರಿಯರೊಬ್ಬರು ಹೌಝಿನ ಕಟ್ಟೆಯ ಮೇಲೆ ನಮಗಾಗಿ ಕಾದು ಕುಳಿತಿದ್ದರು. ಕೈಯಲ್ಲಿ ಮೊಬೈಲು. "ಹಜರತ್, ದಮ್ಮಾಮಿನಾಗ ನಮ್ಮ ಹುಡುಗನ ಪಾಸ್‌ಪೋರ್ಟ್ ಕಳದೈತಂತ್ರಿ. ಪೊಲೀಸರ ಕಡೆ ಹೋದ್ರ ಒಳಗ ಹಾಕ್ತಾರಂತ ಹೆದರ್ಯಾನ. ಏನ್ ಮಾಡ್ಲಿ ಅಂತ ಕೇಳಾಕತ್ತಾನ್ರಿ" ಎಂದರು.

ನಮಗೆ ಆ ವಿಷಯ ತಿಳಿದಿರಲಿಲ್ಲ. ತಿಳಿಯದು ಎಂದು ಹೇಳಬೇಕಿತ್ತು. ಹೇಳಲಿಲ್ಲ. "ಸಬ್ರ್ ಮಾಡಲಿ, ಅವನ ಕಫೀಲ್ ರಜೆಯಿಂದ ಬರಲಿ, ಅವರೇ ನೋಡಿಕೊಳ್ಳುತ್ತಾರೆ" ಎಂದು ಕಳಿಸಿದೆವು. ಹುಡುಗ ನಮ್ಮ ಮಾತಿಗೆ ಬೆಲೆ ಕೊಟ್ಟು ಇಪ್ಪತ್ತು ದಿನ ಸುಮ್ಮನೆ ಕುಳಿತ. ಅಷ್ಟರಲ್ಲಿ ಊರಲ್ಲಿ ಅವನ ತಾಯಿ ಹಾಸಿಗೆ ಹಿಡಿದರು. ಕೊನೆಗೆ ಅಲ್ಲೇ ದುಡಿಯುವ ಭಟ್ಕಳದ ಸಹೋದರರೊಬ್ಬರು ಅವನನ್ನು ಠಾಣೆಗೆ ಕರೆದೊಯ್ದರು. ಯಾರೂ ಒಳಗೆ ಹಾಕಲಿಲ್ಲ. ದೂರು ಬರೆದುಕೊಂಡು ಒಂದು ಕಾಗದ ಕೊಟ್ಟರು. ಅದನ್ನು ಹಿಡಿದು ಭಾರತದ ರಾಯಭಾರ ಕಚೇರಿಗೆ ಅರ್ಜಿ ಹಾಕಿ, ಊರಿಗೆ ಬರಲು ತುರ್ತು ಪ್ರಯಾಣ ಪತ್ರ ಪಡೆದು, ಅಲ್ಲಿನ ಅಧಿಕಾರಿಗಳಿಂದ ದೇಶ ಬಿಡುವ ಅನುಮತಿಯನ್ನೂ ಪಡೆದು ಅವನು ಮನೆ ಮುಟ್ಟುವಾಗ ತಾಯಿಯನ್ನು ಮಣ್ಣು ಮಾಡಿ ನಾಲ್ಕು ದಿನವಾಗಿತ್ತು. ಆ ಜನಾಝಾ ನಮಾಝ್ ಮಾಡಿಸಿದವರು ನಾವೇ.

ಆ ಇಪ್ಪತ್ತು ದಿನಗಳ ಹೊರೆ ನಮ್ಮ ಮೇಲಿದೆ. ಆಗಿನಿಂದ ಈ ಪುಟ್ಟ ಪುಸ್ತಿಕೆಯ ಇತಿಹಾಸವನ್ನೂ ನಿಯಮವನ್ನೂ ಓದತೊಡಗಿದೆವು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮನೆಗಳಿಂದ ಮಕ್ಕಳು ಪರದೇಶಕ್ಕೆ ಹೋಗುತ್ತಲೇ ಇದ್ದಾರೆ. ತಿಳಿದದ್ದನ್ನು ಹಂಚಿಕೊಳ್ಳುವುದು ನಮ್ಮ ಮೇಲಿನ ಸಾಲ.

ಪ್ರಯಾಣಿಕನ ಕೈಗೆ ಸರಕಾರ ಕಾಗದ ಕೊಡುವ ಪದ್ಧತಿ ಬಿಳಿಯರು ಕಂಡುಹಿಡಿದದ್ದು ಎಂದು ಹಲವರು ತಿಳಿದಿದ್ದಾರೆ. ಈಜಿಪ್ಟಿನ ಮರಳಿನಲ್ಲಿ ಉಳಿದು ಬಂದ ಪಪೈರಸ್ ಹಾಳೆಗಳು ಬೇರೆ ಮಾತು ಹೇಳುತ್ತವೆ. ಉಮಯ್ಯಾ ಆಡಳಿತದ ಕಾಲದ, ಕ್ರಿ.ಶ. 8ನೇ ಶತಮಾನದ ಅರಬೀ ಪ್ರಯಾಣ ಪತ್ರಗಳು ಅವುಗಳಲ್ಲಿವೆ. ದುಡಿಯಲು ಊರು ಬಿಟ್ಟು ಹೊರಟವನ ಹೆಸರು, ಅವನ ಊರು, ಮುಖದ ಚಹರೆ, ಎಲ್ಲಿಗೆ ಹೋಗುತ್ತಾನೆ, ಎಷ್ಟು ತಿಂಗಳು ಇರುತ್ತಾನೆ ಎಂದು ಬರೆದು, ದಾರಿಯ ಅಧಿಕಾರಿಗಳು ಅವನನ್ನು ತಡೆಯಬಾರದೆಂದು ಸೂಚಿಸಲಾಗಿದೆ. ಅಂದರೆ ಸುಮಾರು 1300 ವರ್ಷಗಳ ಹಿಂದೆಯೂ ಬಡವನೊಬ್ಬ ಹೊಟ್ಟೆಪಾಡಿಗೆ ಹೊರಟಾಗ ಕಾಗದವೇ ಅವನ ಊರುಗೋಲಾಗಿತ್ತು.

ನಮ್ಮ ಭಾಗದ ಹಿರಿಯರು ಸಮುದ್ರ ದಾಟಿದ ದೊಡ್ಡ ಕಾರಣ ಹಜ್. ಮಿರಜಿನಲ್ಲಿ ರೈಲು ಹತ್ತಿ, ಮುಂಬೈಯ ಮುಸಾಫಿರ್‌ಖಾನಾದಲ್ಲಿ ತಂಗಿ, ಹಡಗು ಏರಿ ಜಿದ್ದಾಕ್ಕೆ ಹೋಗುತ್ತಿದ್ದರು. 1886ರಲ್ಲಿ ಬ್ರಿಟಿಷ್ ಸರಕಾರ ಹಜ್ ಯಾತ್ರಿಕರ ಪ್ರಯಾಣದ ಏಜೆಂಟರನ್ನಾಗಿ ಥಾಮಸ್ ಕುಕ್ ಕಂಪನಿಯನ್ನು ನೇಮಿಸಿತ್ತು. ಹಡಗಿನ ಹಜ್ ಯಾತ್ರೆ 1995ರಲ್ಲಿ ನಿಂತಿತು. ಹಜ್ ಕಮಿಟಿಯ ಮೂಲಕ ಹೋಗುವವರಿಗೆ ಬಹುಕಾಲ ಸಾಮಾನ್ಯ ಪಾಸ್‌ಪೋರ್ಟ್ ಬೇಕಿರಲಿಲ್ಲ, ಹಜ್ ಯಾತ್ರೆಯ ಪಾಸ್ ಸಾಕಿತ್ತು. 2009ರ ಹಜ್‌ನಿಂದ ಸೌದಿ ಸರಕಾರ ಎಲ್ಲರಿಗೂ ಅಂತರರಾಷ್ಟ್ರೀಯ ಪಾಸ್‌ಪೋರ್ಟ್ ಕಡ್ಡಾಯ ಮಾಡಿತು. ಹುಟ್ಟಿದ ತಾರೀಖೇ ಗೊತ್ತಿಲ್ಲದ ನಮ್ಮ ಅಜ್ಜ ಅಜ್ಜಿಯರು ಅಂದಿನಿಂದ ದಾಖಲೆ ಹುಡುಕಿಕೊಂಡು ಕಚೇರಿ ಅಲೆಯಬೇಕಾಯಿತು.

ಇಂದಿನ ಪಾಸ್‌ಪೋರ್ಟ್ ಹುಟ್ಟಿದ್ದು ಯುದ್ಧದಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬರಲು, ಭಾರತದಿಂದ ಹೋಗಲು ಪಾಸ್‌ಪೋರ್ಟ್ ಕಡ್ಡಾಯವಾಯಿತು. ಯುದ್ಧ ಮುಗಿದರೂ ನಿಯಮ ಮುಗಿಯಲಿಲ್ಲ, 1920ರಲ್ಲಿ ಪಾಸ್‌ಪೋರ್ಟ್ ಕಾಯ್ದೆ ಬಂತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಸೇರಿದ ಲೀಗ್ ಆಫ್ ನೇಷನ್ಸ್ ಸಭೆ ಎಲ್ಲ ದೇಶಗಳಿಗೂ ಒಂದೇ ಮಾದರಿಯ ಪುಸ್ತಿಕೆಯನ್ನು ಸೂಚಿಸಿತು. ಸ್ವಾತಂತ್ರ್ಯದ ನಂತರ, 1954ರಲ್ಲಿ, ಕೇಂದ್ರ ಸರಕಾರ ಮುಂಬೈ, ಕಲ್ಕತ್ತಾ, ದಿಲ್ಲಿ, ಮದ್ರಾಸ್ ಮತ್ತು ನಾಗಪುರದಲ್ಲಿ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗಳನ್ನು ತೆರೆಯಿತು. ಆಗ ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಈಗ ಬೆಳಗಾವಿಯ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ.

ಆ ಕಾಲದಲ್ಲಿ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರಕಾರದ ಮರ್ಜಿಯಾಗಿತ್ತು. 1967ರ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವ್ಯಕ್ತಿ ಸ್ವಾತಂತ್ರ್ಯದಲ್ಲಿ ಸೇರಿದೆ, ಕಾನೂನಿಲ್ಲದೆ ಅದನ್ನು ತಡೆಯುವಂತಿಲ್ಲ ಎಂದಿತು. ಅದೇ ವರ್ಷ ಜೂನ್‌ನಲ್ಲಿ ಇಂದಿನ ಪಾಸ್‌ಪೋರ್ಟ್ ಕಾಯ್ದೆ ಬಂತು. 1978ರ ಮೇನಕಾ ಗಾಂಧಿ ಪ್ರಕರಣದ ತೀರ್ಪು ಆ ಹಕ್ಕನ್ನು ಇನ್ನಷ್ಟು ಗಟ್ಟಿ ಮಾಡಿತು.

1967ರ ಕಾಯ್ದೆಯ 17ನೇ ಕಲಂ ನಮ್ಮ ಹುಡುಗರೆಲ್ಲ ತಿಳಿದಿರಬೇಕಾದದ್ದು. ಪಾಸ್‌ಪೋರ್ಟ್ ಯಾವಾಗಲೂ ಕೇಂದ್ರ ಸರಕಾರದ ಸ್ವತ್ತಾಗಿಯೇ ಉಳಿಯುತ್ತದೆ ಎನ್ನುತ್ತದೆ ಅದು. ಅದು ಕಫೀಲನದ್ದಲ್ಲ, ಏಜೆಂಟನದ್ದಲ್ಲ, ನಿಜ ಹೇಳಬೇಕೆಂದರೆ ಹೊತ್ತವನದ್ದೂ ಅಲ್ಲ. ಅವನ ಬಳಿ ಇಟ್ಟ ಅಮಾನತ್. ಅಮಾನತ್ತಿನ ವಸ್ತುವನ್ನು ಒತ್ತೆ ಇಡುವಂತಿಲ್ಲ, ಸಾಲಕ್ಕೆ ಆಧಾರವಾಗಿ ಕೊಡುವಂತಿಲ್ಲ. ಕಳೆದರೆ ಮುಚ್ಚಿಡುವಂತೆಯೂ ಇಲ್ಲ, ಕೊಟ್ಟವರಿಗೆ ಕೂಡಲೇ ತಿಳಿಸಬೇಕು.

ಪರರ ಕಪಾಟಿನಲ್ಲಿಟ್ಟ ಪಾಸ್‌ಪೋರ್ಟಿನ ಗತಿ ಏನಾಗುತ್ತದೆ ಎಂಬುದನ್ನು 1990 ತೋರಿಸಿತು. ಆ ವರ್ಷ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತಿಗೆ ನುಗ್ಗಿತು. ಮಾಲೀಕರು ಊರು ಬಿಟ್ಟರು, ಕಚೇರಿಗಳಿಗೆ ಬೀಗ ಬಿತ್ತು. ಕೂಲಿಕಾರರ ಪಾಸ್‌ಪೋರ್ಟುಗಳು ಆ ಬೀಗದೊಳಗೆ ಉಳಿದವು. ಕೈಯಲ್ಲಿ ಕಾಗದವಿಲ್ಲದವರಿಗೆ ನಮ್ಮ ಅಧಿಕಾರಿಗಳು ತಾತ್ಕಾಲಿಕ ಪ್ರಯಾಣ ಪತ್ರ ಬರೆದುಕೊಟ್ಟರು. ಬಸ್ಸುಗಳಲ್ಲಿ ಬಾಗ್ದಾದ್ ದಾಟಿ ಜೋರ್ಡಾನಿನ ಅಮ್ಮಾನ್ ಮುಟ್ಟಿದ ಜನರನ್ನು ಏರ್ ಇಂಡಿಯಾ ವಿಮಾನಗಳು ಮುಂಬೈಗೆ ತಂದವು. ಹಾಗೆ ಮರಳಿದ ಭಾರತೀಯರು ಸುಮಾರು 1,70,000. ಕರ್ನಾಟಕ ಮತ್ತು ಕೇರಳದ ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ಕಥೆ ಇಂದಿಗೂ ಹೇಳಲ್ಪಡುತ್ತದೆ. 2013ರಲ್ಲಿ ಸೌದಿಯಲ್ಲಿ ನಿತಾಖಾತ್ ಬಿಗಿಯಾದಾಗಲೂ ದಾಖಲೆ ಸರಿ ಇಲ್ಲದ ಬಹಳ ಮಂದಿ ಇಂಥದೇ ತುರ್ತು ಪತ್ರ ಹಿಡಿದು ಮರಳಿದರು.

ಹಾಗಾದರೆ ಕಳೆದಾಗ ಏನು ಮಾಡಬೇಕು? ಮೊದಲು ಅಲ್ಲಿನ ಪೊಲೀಸರಲ್ಲಿ ದೂರು ಕೊಟ್ಟು ಅದರ ಪ್ರತಿ ಪಡೆಯಬೇಕು. ನಂತರ ಭಾರತದ ರಾಯಭಾರ ಕಚೇರಿಗೋ ಕಾನ್ಸುಲೇಟಿಗೋ ಅರ್ಜಿ ಹಾಕಬೇಕು. ಸೌದಿಯಲ್ಲಾದರೆ ರಿಯಾದ್ ಮತ್ತು ಜಿದ್ದಾದಲ್ಲಿ ಇವೆ. ಅಲ್ಲಿ ಎರಡು ದಾರಿ. ಕೆಲಸ ಮುಂದುವರಿಸುವವನು ಬದಲಿ ಪಾಸ್‌ಪೋರ್ಟ್ ಕೇಳಬೇಕು. ಹಳೆಯ ದಾಖಲೆಯೊಂದಿಗೆ ತಾಳೆ ನೋಡಿ ಕೊಡುತ್ತಾರೆ, ಸಮಯ ಹಿಡಿಯುತ್ತದೆ. ಅದು ಬಂದ ಮೇಲೆ ಹೊಸ ಪಾಸ್‌ಪೋರ್ಟಿನ ನಂಬರನ್ನು ಅಲ್ಲಿನ ಜವಾಝಾತ್ ದಾಖಲೆಗೆ ಸೇರಿಸಬೇಕು. ಅದನ್ನೇ ನಮ್ಮ ಹುಡುಗರು 'ನಖಲ್ ಮಾಲೂಮಾತ್' ಎನ್ನುತ್ತಾರೆ. ತುರ್ತಾಗಿ ಊರಿಗೆ ಬರಬೇಕಾದವನಿಗೆ ತುರ್ತು ಪ್ರಯಾಣ ಪತ್ರ. ಅದು ಭಾರತಕ್ಕೆ ಬರಲು ಮಾತ್ರ, ಒಂದೇ ಸಲಕ್ಕೆ. ಅದರಿಂದ ಮರಳಿ ಹೋಗಲಾಗದು. ದೇಶ ಬಿಡುವ ಅನುಮತಿಯನ್ನು ಆ ದೇಶವೇ ಬೇರೆಯಾಗಿ ಕೊಡಬೇಕು. ಇನ್ನೊಂದು ಎಚ್ಚರಿಕೆ: ಕಳೆದಿದೆ ಎಂದು ಬರೆಸಿದ ಪಾಸ್‌ಪೋರ್ಟ್ ರದ್ದಾಗುತ್ತದೆ. ನಂತರ ಹಾಸಿಗೆ ಕೆಳಗೆ ಸಿಕ್ಕರೂ ಅದನ್ನು ಹಿಡಿದು ಪ್ರಯಾಣಿಸಬಾರದು, ಕಚೇರಿಗೆ ಒಪ್ಪಿಸಬೇಕು.

ಕಷ್ಟದಲ್ಲಿರುವವರಿಗಾಗಿ ಸರಕಾರ 2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಸ್ಥಾಪಿಸಿದೆ, ಅದು ರಾಯಭಾರ ಕಚೇರಿಗಳ ಮೂಲಕ ಸಿಗುತ್ತದೆ. 2015ರಿಂದ 'ಮದದ್' ಎಂಬ ದೂರು ವ್ಯವಸ್ಥೆ ಇದೆ. ಊರಲ್ಲಿರುವ ತಂದೆಯೂ ಮಗನ ಪರವಾಗಿ ಅಲ್ಲಿ ದೂರು ದಾಖಲಿಸಬಹುದು. ನಡುವಿನ ದಲ್ಲಾಳಿಗೆ ಹಣ ಸುರಿಯುವ ಮೊದಲು ಇವನ್ನು ನೆನಪಿಡಿ.

ನಮ್ಮ ಐದು ತಾಲ್ಲೂಕುಗಳಿಗೆ ಮಾತ್ರ ಇರುವ ತೊಡಕೊಂದಿದೆ. ಊರು ಕದಲಲಿಲ್ಲ, ಊರಿನ ಹೆಸರಿನ ಹಿಂದಿನ ಸರಕಾರ ಬದಲಾಗುತ್ತ ಹೋಯಿತು. ರಾಯಬಾಗದಲ್ಲಿ ಅಜ್ಜ ಹುಟ್ಟಿದ್ದು ಕೊಲ್ಲಾಪುರ ಸಂಸ್ಥಾನದಲ್ಲಿ, 1949ರಲ್ಲಿ ಅದು ಮುಂಬೈ ಪ್ರಾಂತಕ್ಕೆ ಸೇರಿತು. ಚಿಕ್ಕೋಡಿ, ಅಥಣಿ ಮೊದಲಿನಿಂದಲೂ ಬೆಳಗಾವಿ ಜಿಲ್ಲೆಯವು. 1956ರ ನವೆಂಬರ್ 1ರಂದು ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು, 1973ರಲ್ಲಿ ಅದು ಕರ್ನಾಟಕವಾಯಿತು. 2014ರಲ್ಲಿ ಬೆಳಗಾಂ ಎಂಬುದು ಅಧಿಕೃತವಾಗಿ ಬೆಳಗಾವಿಯಾಯಿತು. ಚಿಕ್ಕೋಡಿ ತಾಲ್ಲೂಕಿನಲ್ಲಿದ್ದ ನಿಪ್ಪಾಣಿ, ಅಥಣಿ ತಾಲ್ಲೂಕಿನಲ್ಲಿದ್ದ ಕಾಗವಾಡ 2018ರಲ್ಲಿ ತಾವೇ ತಾಲ್ಲೂಕುಗಳಾದವು. ಅಜ್ಜನ ಕಾಗದ ಮೋಡಿ ಲಿಪಿಯಲ್ಲಿ, ತಂದೆಯ ಶಾಲೆ ದಾಖಲೆ ಮರಾಠಿಯಲ್ಲಿ, ಮಗನದು ಉರ್ದು ಇಲ್ಲವೇ ಕನ್ನಡದಲ್ಲಿ. ಒಂದರಲ್ಲಿ ಶೇಖ್, ಇನ್ನೊಂದರಲ್ಲಿ ಶೇಕ. ಒಂದರಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ಪಾಸ್‌ಪೋರ್ಟ್ ಕೈಯಲ್ಲಿರುವವರೆಗೆ ಇದು ಯಾರಿಗೂ ಕಾಣುವುದಿಲ್ಲ. ಕಳೆದ ದಿನ ಪ್ರತಿಯೊಂದು ಅಕ್ಷರವೂ ಎದ್ದು ನಿಲ್ಲುತ್ತದೆ.

ಆ ದಮ್ಮಾಮಿನ ಹುಡುಗನಿಗೆ ತನ್ನ ಪಾಸ್‌ಪೋರ್ಟ್ ನಂಬರು ನೆನಪಿರಲಿಲ್ಲ. ಝೆರಾಕ್ಸ್ ಸಿಕ್ಕಿದ್ದು ತಾಯಿಯ ಟ್ರಂಕಿನಲ್ಲಿ, ರೇಷನ್ ಕಾರ್ಡಿನ ಮಡಿಕೆಯಲ್ಲಿ. ಅಕ್ಷರ ಬಾರದ ಆ ತಾಯಿ, ಮಗನ ಮುಖ ಕಾಣುವ ಹಾಳೆ ಎಂದು ಅದನ್ನು ಜೋಪಾನ ಮಾಡಿದ್ದರು. ಹಾಸಿಗೆಯಿಂದಲೇ ಬೀಗದ ಕೈ ಕೊಟ್ಟು ತೆಗೆಸಿದರು. ಆ ಹಾಳೆಯ ಫೋಟೊ ಮೊಬೈಲಿನಲ್ಲಿ ಹೋಯಿತು, ಮಗ ಬರುವ ದಾರಿ ತೆರೆಯಿತು. ನಾವು ಮೊದಲ ದಿನವೇ ಸರಿಯಾದ ಮಾತು ಹೇಳಿದ್ದರೆ ಅವನು ತಾಯಿಯ ಮುಖವನ್ನೂ ನೋಡುತ್ತಿದ್ದನೇನೋ. ಅಲ್ಲಾಹನು ನಮ್ಮನ್ನು ಕ್ಷಮಿಸಲಿ.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಹೊರಡುವ ಮುನ್ನ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ಕೆಲಸದ ಒಪ್ಪಂದ, ತಲುಪಿದ ಮೇಲೆ ಇಕಾಮಾ, ಇವುಗಳ ಪ್ರತಿಯನ್ನು ಮನೆಯಲ್ಲಿ ತಿಳಿದವರ ಕೈಗೆ ಕೊಟ್ಟಿರಿ. ಎಲ್ಲ ದಾಖಲೆಗಳಲ್ಲಿ ಹೆಸರು ಒಂದೇ ರೀತಿ ಇರುವಂತೆ ಊರಲ್ಲಿದ್ದಾಗಲೇ ತಿದ್ದಿಸಿಕೊಳ್ಳಿರಿ. ಕಳೆದರೆ ಮೊದಲ ದಿನವೇ ತಿಳಿಸಿರಿ, ಅಂಜಿ ಅಡಗಬೇಡಿರಿ.

ಜಮಾಅತಿನ ಹಿರಿಯರಿಗೂ ಒಂದು ಮಾತು. ಝಕಾತಿಗೆ ಅರ್ಹರಾದ ಎಂಟು ವರ್ಗಗಳಲ್ಲಿ ಕೊನೆಯದು ಇಬ್ನುಸ್ಸಬೀಲ್, ದಾರಿಯಲ್ಲಿ ಸಿಲುಕಿದ ಪ್ರಯಾಣಿಕ. ಊರಲ್ಲಿ ಹೊಲ ಮನೆ ಇದ್ದರೂ ಪರದೇಶದಲ್ಲಿ ಕೈ ಬರಿದಾಗಿ ನಿಂತವನು ಆ ಸಾಲಿಗೆ ಸೇರುತ್ತಾನೆ. ಅಂಥ ಮನೆಯವರು ಹೌಝಿನ ಕಟ್ಟೆಗೆ ಬಂದು ಕುಳಿತಾಗ ಬರೀ ಸಬ್ರ್‌ನ ಉಪದೇಶ ಕೊಟ್ಟು ಕಳಿಸಬೇಡಿರಿ. ತಿಳಿಯದಿದ್ದರೆ ತಿಳಿಯದು ಎನ್ನಿರಿ, ತಿಳಿದವರ ಬಳಿ ಆ ದಿನವೇ ಕರೆದೊಯ್ಯಿರಿ.

ದೂರದಲ್ಲಿ ದುಡಿಯುವ ನಮ್ಮ ಎಲ್ಲ ಮಕ್ಕಳನ್ನು ಅಲ್ಲಾಹನು ಸುರಕ್ಷಿತವಾಗಿ ಮನೆ ಮುಟ್ಟಿಸಲಿ. ಆಮೀನ್.